ಕೈಗೆಟುಕಿದ ಅಂಜೂರ

1978ರ ಸೆಪ್ಟೆಂಬರ್ 12, ಬೆಳಿಗ್ಗೆ ಒಂಬತ್ತೂವರೆ. ಕುರುಗೋಡು ಠಾಣೆಗೆ ಬಂದ ತೋಟದ ಮಾಲೀಕ ಮರಿಬಸಪ್ಪ ಕೊಳೆತ ಅಂಜೂರದ ಬುಟ್ಟಿಯನ್ನು ಸಬ್ ಇನ್ಸ್‌ಪೆಕ್ಟರ್ ಎರ್ರಿಸ್ವಾಮಿಯವರ ಮೇಜಿನ ಮೇಲೆಯೇ ಇಟ್ಟ.

"ಎಲಿ ಉದುರ್ತಾವು, ಹಣ್ಣು ಕೊಳಿತಾವು. ನಮ್ಮ ಆಳು ಹುಲುಗಪ್ಪ ವಿಷ ಹೊಡದಾನ್ರಿ. ಔಷಧದ ಪಂಪು ಅವನ ಕೈಯಾಗ ಐತಿ."

ಎಫ್‌ಐಆರ್ ದಾಖಲಾಯಿತು, ಹುಲುಗಪ್ಪ ಲಾಕಪ್ಪಿಗೆ ಬಿದ್ದ. ವಿಷವೆಂದು ಸಾಬೀತಾದರೆ ಅವನಿಗೆ ಜೈಲು ಖಂಡಿತ. ಆದರೂ ಆಸಾಮಿ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದ. ಆಣೆ ಹಾಕಲಿಲ್ಲ, ಕಾಲಿಗೂ ಬೀಳಲಿಲ್ಲ. ಎರ್ರಿಸ್ವಾಮಿಗೆ ಅದೇ ಸರಿ ಕಾಣಲಿಲ್ಲ.

ಮಧ್ಯಾಹ್ನ ತೋಟದಲ್ಲಿ ಪಂಚನಾಮೆ. ಕೊಳೆತವೆಲ್ಲ ಸೊಂಟದೆತ್ತರಕ್ಕಿಂತ ಕೆಳಗಿನ ಹಣ್ಣು. ಮೇಲಿನವು ಚೆನ್ನಾಗಿಯೇ ಇದ್ದವು.

"ವಿಷ ಹೊಡಿಯಾವ ಅರ್ಧ ಗಿಡಕ್ಕ ಹೊಡೀತಾನೇನ್ರಿ, ಸಾಹೇಬ್ರ?" ಎಂದ ಕಾನ್‌ಸ್ಟೇಬಲ್ ಜಡೆಪ್ಪ.

ಮರುದಿನ ಸಿರುಗುಪ್ಪದ ಕೃಷಿ ಕೇಂದ್ರದಲ್ಲಿ ಸಸ್ಯರೋಗ ತಜ್ಞ ವೆಂಕಣ್ಣ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು.

"ವಿಷ ಅಲ್ರಿ, ಎರಡು ಶಿಲೀಂಧ್ರ. ಎಲಿಗೆ ಬಂದಿದ್ದು ತುಕ್ಕು ರೋಗ, ಮಳಿಗಾಲದಾಗ ಎಲ್ಲಾ ತೋಟಕ್ಕೂ ಬರ್ತೈತಿ. ಹಣ್ಣಿಂದು ಬ್ಯಾರೆ, ಕರಿ ಬೂಷ್ಟು. ಗಾಯ ಆಗದ ಅದು ಇಷ್ಟು ಹಣ್ಣು ಹಿಡಿಯಂಗಿಲ್ಲ. ನೋಡ್ರಿ, ಒಂದೊಂದಕ್ಕೂ ದಬ್ಬಣದ ತೂತು."

ಅಂಜೂರಕ್ಕೆ ಗಾಯವಾದರೆ ಹಾಲು ಸುರಿಯುತ್ತದೆ, ಅದು ತಾಕಿದರೆ ಚರ್ಮ ಸುಲಿಯುತ್ತದೆ. ಅದಕ್ಕೇ ಹಣ್ಣು ಬಿಡಿಸುವ ಹೆಂಗಸರು ಕೈಗೆ ಔಡಲೆಣ್ಣೆ ಸವರಿಕೊಂಡೇ ತೋಟಕ್ಕಿಳಿಯುತ್ತಾರೆ. ಸಂಜೆ ಕೂಲಿಯವರ ಕೈಗಳನ್ನೆಲ್ಲ ನೋಡಿದ್ದಾಯಿತು, ಒಂದರಲ್ಲೂ ಗಾಯವಿಲ್ಲ. ಠಾಣೆಗೆ ಮರಳಿದರೆ ಹುಲುಗಪ್ಪನ ಹೆಂಡತಿ ಗಾದೆಮ್ಮ ಬುತ್ತಿ ಹಿಡಿದು ನಿಂತಿದ್ದಳು. ವರ್ಷದಿಂದ ಅವಳು ತೋಟದ ಕೆಲಸ ಬಿಟ್ಟಿದ್ದಳು. ಅವಳ ಬೆರಳತುದಿಗಳು ಹಸಿಹಸಿಯಾಗಿ ಸುಲಿದಿದ್ದವು.

"ಎಣ್ಣಿ ಯಾಕ ಹಚ್ಚಲಿಲ್ಲ?" ಎಂದರು ಎರ್ರಿಸ್ವಾಮಿ.

ಅವಳು ಬುತ್ತಿ ಕೆಳಗಿಟ್ಟಳು. "ಎಣ್ಣಿ ಕೈಯಾಗ ದಬ್ಬಣ ಜಾರ್ತಿತ್ರಿ."

"ಕೆಳಗಿನ ಹಣ್ಣ ಯಾಕ?"

"ಕೂಸುಗಳ ಕೈಗೆ ಸಿಗೋವು ಅವ ರೀ. ಹೋದ ವರ್ಷ ಔಷಧ ಹೊಡದ ದಿನ ನಮ್ಮ ಕೂಸು ಕಿತ್ತು ತಿಂತು, ಸಂಜಿಮುಂದ ಹೋತು. ಧಣೇರು ಜ್ವರ ಅಂದ್ರು, ಮಣ್ಣು ಮಾಡಿಸಿದ್ರು. ಈ ವರ್ಷ ಮತ್ತ ಹೊಡಸಾಕತ್ತಾರ. ಕೊಳತಿದ್ದನ್ನ ಯಾವ ಕೂಸೂ ತಿನ್ನಂಗಿಲ್ಲಲ್ರೀ."

"ಗಂಡ ಒಳಗ ಕುಂತಿದ್ರೂ ಸುಮ್ನ ಯಾಕಿದ್ದಿ?"

"ಅವತ್ತು ಔಷಧ ಹೊಡದಾವನೂ ಅವನ ರೀ."

ಲಾಕಪ್ಪಿನೊಳಗೆ ಹುಲುಗಪ್ಪ ಗೋಡೆಗೆ ಮುಖ ತಿರುಗಿಸಿದ. 6.40ಕ್ಕೆ ಎರ್ರಿಸ್ವಾಮಿ ಗಾದೆಮ್ಮನನ್ನು ದಸ್ತಗಿರಿ ಮಾಡಿದರು, ಹುಲುಗಪ್ಪನನ್ನು ಬಿಟ್ಟರು. ಅವನು ಠಾಣೆಯ ಹೊಸ್ತಿಲು ದಾಟದೆ ಅಲ್ಲೇ ಕೂತ.

ಎರ್ರಿಸ್ವಾಮಿ ಕೂಸಿನ ಸಾವಿನ ಕೇಸಿಗೆ ಹೊಸ ಹಾಳೆ ತೆಗೆದು ಆರೋಪಿಯ ಜಾಗದಲ್ಲಿ ಮರಿಬಸಪ್ಪನ ಹೆಸರು ಬರೆದರು. ಶವಪರೀಕ್ಷೆ ಆಗಿಲ್ಲ, ಸಾಕ್ಷಿ ಇಲ್ಲ. ಕೋರ್ಟಿನಲ್ಲಿ ನಿಲ್ಲುವ ಕೇಸಲ್ಲವೆಂದು ಅವರಿಗೆ ಗೊತ್ತಿತ್ತು.

"ಕೂಸಿನ ಹೆಸರು?"

ಗಾದೆಮ್ಮ ಬಾಯಿ ತೆರೆಯುವ ಮೊದಲೇ ಹೊಸ್ತಿಲಿನಿಂದ ಹುಲುಗಪ್ಪ ಹೇಳಿದ: "ಉಚ್ಚೆಂಗೆಮ್ಮ ರೀ. ಮೂರು ವರ್ಷ."