ವಿನೋದಾಳ ಮ್ಯಾನೇಜರ್‌ಗಿರಿ

"ದುಂಬು!" ವಿನೋದಾ ಗಂಟಲು ಹರಿಯುವಂತೆ ಕೂಗಿದಳು.

ಕ್ಯಾಪ್ಟನ್ ಉಮಾವತಿ ಚೆಂಡನ್ನು ನೆಟ್ಟಿನ ಆಚೆ ಮುಂದಕ್ಕೇ ಎಸೆದಳು. ಆದರೆ ಅಲ್ಲಿ ಏಳನೇ ನಂಬರಿನ ಹುಡುಗಿ ಆಗಲೇ ಕೈಚಾಚಿ ನಿಂತಿದ್ದಳು. ಹಿಡಿದವಳೇ ರಪ್ಪನೆ ತಿರುಗಿ ಎಸೆದಳು. ಎದುರಿನ ಮತ್ರಾ ಟೀಮಿಗೆ ಹದಿಮೂರು. ವಿನೋದಾಳ ಟೀಮಿಗೆ ಬರೀ ಏಳು. ಹದಿನೈದಾದರೆ ಫೈನಲ್ ಮುಗಿಯಿತು.

ವಿನೋದಾ ಆಡುವವಳಲ್ಲ. ಥ್ರೋಬಾಲ್ ಅವಳ ಕೈಯಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೇ ಟೀಮು ಕಟ್ಟಿದ ಪೂವಪ್ಪ ಮಾಮ ಅವಳನ್ನು ಮ್ಯಾನೇಜರ್ ಮಾಡಿದ್ದರು. ಗೆರೆಯಾಚೆ ನಿಂತು, ಎದುರಿನವರ ಕೋರ್ಟಿನಲ್ಲಿ ಎಲ್ಲಿ ಖಾಲಿ ಇದೆ ಎಂದು ನೋಡಿ, ತುಳುವಿನಲ್ಲಿ ಕೂಗುವುದು ಅವಳ ಕೆಲಸ. 'ದುಂಬು' ಅಂದರೆ ಮುಂದೆ, 'ಪಿರ' ಅಂದರೆ ಹಿಂದೆ. ಈ ಅರಬ್ ದೇಶದಲ್ಲಿ ಎದುರು ಆಡುವ ಗುಜರಾತಿ, ಮಲಯಾಳಿ ಹುಡುಗಿಯರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಮೂರು ಶುಕ್ರವಾರ, ಮೂರು ಮ್ಯಾಚು, ಮೂರೂ ಗೆದ್ದರು. "ಗೆಲ್ಲಿಸಿದ್ದು ನಾನು" ಎಂದು ವಿನೋದಾ ಸ್ಕೂಲ್ ಬಸ್ಸಿನಲ್ಲಿ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಉಮಾವತಿಗೆ ಮೈಯೆಲ್ಲ ಉರಿದಿತ್ತು. "ಆಡುವುದು ನಾವು, ಹೆಸರು ನಿನ್ನದಾ? ಇವತ್ತು ಸೋತ್ರೆ ನಮಗೆ ಮ್ಯಾನೇಜರೇ ಬೇಡ. ಖಲಾಸ್!" ಎಂದು ಬೆಳಿಗ್ಗೆಯೇ ಹೇಳಿದ್ದಳು. ಟೀಮಿನಲ್ಲಿ ವಿನೋದಾಳಿಗಿದ್ದ ಜಾಗ ಅದೊಂದೇ.

"ಪಿರ!"

ಉಮಾವತಿಯ ಕೈ ಮೇಲೇಳುವ ಮೊದಲೇ ಏಳನೇ ನಂಬರಿನವಳು ಎರಡು ಹೆಜ್ಜೆ ಹಿಂದೆ ಓಡಿದಳು. ಚೆಂಡು ಹಿಡಿದಳು. ಪುಣ್ಯಕ್ಕೆ ಅವಳ ಎಸೆತ ನೆಟ್ಟಿಗೆ ಬಡಿಯಿತು. ಇವರಿಗೆ ಎಂಟಾಯಿತು.

"ಮಾಮ, ಆ ಸೆವೆನ್ ನಂಬರ್ ಯಾರು?"

"ಐಶಮ್ಮ ಅಲ್ವಾ ಮಾರಾಯ್ತಿ! ನಮ್ಮ ಉಮರಬ್ಬನ ಮಗಳು. ಉಳ್ಳಾಲದವರು. ಊರಿಂದ ಬಂದು ಎರಡು ವಾರ ಆಯ್ತಷ್ಟೆ."

ಉಳ್ಳಾಲದ ಹುಡುಗಿಗೆ ತುಳು ಬಾರದೆ ಇರುತ್ತದೆಯೇ? ಇಷ್ಟು ಹೊತ್ತೂ ವಿನೋದಾ ಎರಡೂ ಟೀಮಿಗೆ ಮ್ಯಾನೇಜರಾಗಿದ್ದಳು!

ಹೇಳಿದರೆ ತಪ್ಪು ತನ್ನದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಹೇಳದಿದ್ದರೆ ಇನ್ನೆರಡೇ ಪಾಯಿಂಟು. ಅವಳಿಗೆ ಅಳು ಬಂತು. ಆದರೂ ಕೈಯೆತ್ತಿ "ಟೈಮ್ ಔಟ್!" ಅಂದಳು.

"ಉಮಾ, ಏಳನೇ ನಂಬರಿನವಳಿಗೆ ತುಳು ಬರ್ತದೆ. ನಾನು ಕೂಗಿದ್ದೆಲ್ಲ ಅವಳಿಗೂ ಗೊತ್ತಾಗ್ತಾ ಉಂಟು. ಸಾರಿ."

ಉಮಾವತಿ ಕೆಂಗಣ್ಣು ಬಿಟ್ಟಳು. "ಮತ್ತೆ ಈಗ ಎಂತ ಮಾಡುವುದು?"

"ನಾನು ಬಾಯಿ ಬಿಡುವುದಿಲ್ಲ. ನೀನೇ ನೋಡಿ ಎಸಿ."

ಸುಮ್ಮನಿರುವುದು ಅಷ್ಟು ಕಷ್ಟ ಎಂದು ವಿನೋದಾಳಿಗೆ ಗೊತ್ತಿರಲಿಲ್ಲ. ಹಿಂದೆ ದೊಡ್ಡ ಜಾಗ ಖಾಲಿ ಕಾಣುತ್ತಿತ್ತು. ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡಳು. ಉಮಾವತಿ ಒಂದು ಗಳಿಗೆ ನೋಡಿ, ಪಕ್ಕಕ್ಕೆ ಎಸೆದಳು. ಐಶಮ್ಮ ಅತ್ತಿತ್ತ ನೋಡುತ್ತಲೇ ಉಳಿದಳು. ಒಂಬತ್ತು!

ಹತ್ತು. ಹನ್ನೊಂದು. ಹನ್ನೆರಡು. ಹದಿಮೂರಕ್ಕೆ ಹದಿಮೂರು! ವಿನೋದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆಮೇಲೆ ಐಶಮ್ಮ ನೆಲಕ್ಕೆ ಬಿದ್ದು ಒಂದು ಚೆಂಡು ಹಿಡಿದಳು. ಹಾರಿ ಇನ್ನೊಂದು ಹಿಡಿದಳು. ಯಾರೂ ಹೇಳಿಕೊಡಲಿಲ್ಲ, ಅವಳ ಆಟವೇ ಹಾಗಿತ್ತು. ಎರಡು ಸಲವೂ ಅವಳು ತಿರುಗಿಸಿ ಎಸೆದದ್ದನ್ನು ಇವರಿಗೆ ಹಿಡಿಯಲಾಗಲಿಲ್ಲ. ಹದಿನೈದು. ಸೀಟಿ ಮೊಳಗಿತು.

ಪೂವಪ್ಪ ಮಾಮ ಓಡಿ ಬಂದರು. "ಎಂತ ವಿನೋದಾ, ಕೊನೆಗೆ ಬಾಯಿಗೆ ಬೀಗ ಹಾಕಿದ್ದಾ? ನೀನು ಕೂಗಿದ್ರೆ ಗೆಲ್ತಿದ್ದೆವು!"

ವಿನೋದಾ ತಲೆ ತಗ್ಗಿಸಿದಳು.

"ಅವಳು ಕೂಗದೆ ಇದ್ದದ್ದಕ್ಕೇ ಐದು ಪಾಯಿಂಟ್ ಬಂದದ್ದು ಮಾಮ," ಎಂದಳು ಉಮಾವತಿ ಏದುಸಿರು ಬಿಡುತ್ತಾ.

ಹೌದು ಎನ್ನಲು ವಿನೋದಾ ತಲೆಯೆತ್ತಿದಳು. ಆಗ ಉಮಾವತಿಯ ಅಂಗೈ ಕಂಡಿತು. ಕೆಂಪಾಗಿ ಊದಿಕೊಂಡಿತ್ತು. ನಾಲ್ಕು ಮ್ಯಾಚಿನಲ್ಲಿ ಅವಳು ಎದುರಿನವರ ಕೋರ್ಟನ್ನು ಎಷ್ಟು ಸಲ ನೋಡಿದ್ದಳೋ, ಈ ಕೈಯನ್ನು ಒಂದು ಸಲವೂ ನೋಡಿರಲಿಲ್ಲ.

"ತುಂಬಾ ನೋಯ್ತದಾ?" ಎಂದು ಮೆಲ್ಲಗೆ ಕೇಳಿದಳು.

"ನೋಯದೆ ಮತ್ತೆ?" ಉಮಾವತಿ ಅವಳ ಪಕ್ಕದಲ್ಲೇ ಧೊಪ್ಪನೆ ಕುಳಿತಳು. "ಮುಂದಿನ ಶುಕ್ರವಾರ ಪ್ರಾಕ್ಟೀಸಿಗೆ ಐಸ್ ತೆಗೊಂಡು ಬಾ, ಮ್ಯಾನೇಜರ್."