ಮೀಟರಿನ ಕೊಂಡಿ

“ಎಳಿಯೋ ಅಂಜಿನಯ್ಯ! ಏನ್ ನೋಡ್ತಾ ಕುಂತೀ? ಎಳಿ ಮ್ಯಾಲಕ್ಕ!”

ದಂಡೆಯ ಮೇಲೆ ನಿಂತು ದೊಡ್ಡಬಸಪ್ಪ ಕೂಗುತ್ತಿದ್ದ. ನೀರಿಗಿಳಿದವನು ಅವನಲ್ಲವಲ್ಲ, ಕೂಗಲಿಕ್ಕೆ ಅವನಿಗೇನು ಕಷ್ಟ?

ಹರಿಗೋಲಿನಲ್ಲಿ ಕುಳಿತಿದ್ದ ಅಂಜಿನಯ್ಯ ತಾತನ ಕೈಯಲ್ಲಿ ಹಗ್ಗ ಬಿಗಿದುಕೊಂಡು ನಡುಗುತ್ತಿತ್ತು. ಹಗ್ಗದ ಇನ್ನೊಂದು ತುದಿ ಹೊಳೆಯ ತಳದಲ್ಲಿ, ಹುಲಿಗೇಶ್ ಮಾಮನ ಸೊಂಟದಲ್ಲಿತ್ತು.

ಕಂಪ್ಲಿಯ ಹೊಳೆದಂಡೆಯಲ್ಲಿದ್ದ ದೊಡ್ಡಬಸಪ್ಪನ ಪಂಪ್‌ಸೆಟ್ಟು ಬೆಳಗ್ಗೆಯಿಂದ ನೀರೆತ್ತುತ್ತಿರಲಿಲ್ಲ. ಪೈಪಿನ ಬಾಯಿಗೆ ಯಾರೋ ಬಿಟ್ಟುಹೋದ ಹಳೇ ಮೀನುಬಲೆ ಸುತ್ತಿಕೊಂಡಿತ್ತು. ಅದನ್ನು ಬಿಡಿಸಲು ಮಾಮ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಇಳಿದಿದ್ದ. ಬರುವ ಹೊತ್ತು ಮೀರಿದರೂ ಮೇಲೆ ಬಂದಿರಲಿಲ್ಲ.

ತಾತನ ಪಕ್ಕದಲ್ಲಿ ಮೊಮ್ಮಗಳು ಸುಮಲತಾ ಹರಿಗೋಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೆಳಗೆ ಏನಾಗಿದೆ ಅಂತ ಅವಳಿಗೆ ಗೊತ್ತಿತ್ತು. ಅವಳೊಬ್ಬಳಿಗೇ ಗೊತ್ತಿತ್ತು.

ಮಾಮನ ಸಿಲಿಂಡರಿನಿಂದ ಒಂದು ಕರಿ ಪೈಪು ಇಳಿದಿರುತ್ತದೆ. ಅದರ ತುದಿಯಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್. ಅದು ಜೋತಾಡಬಾರದು. ಅದಕ್ಕೇ ಅದಕ್ಕೊಂದು ಹಿತ್ತಾಳೆ ಕೊಂಡಿ. ಜಾಕೆಟ್ಟಿನ ರಿಂಗಿಗೆ ಟಕ್ಕನೆ ಸಿಗಿಸಿದರೆ ಪೈಪು ಮೈಗೆ ಅಂಟಿಕೊಂಡಿರುತ್ತದೆ. ಆ ಭಾರದ ಜಾಕೆಟ್ ಹಾಕಿಕೊಂಡ ಮೇಲೆ ಮಾಮನಿಗೆ ಬಗ್ಗಿ ನೋಡಲು ಆಗುವುದಿಲ್ಲ. ಆದ್ದರಿಂದ ಸಿಗಿಸುವ ಕೆಲಸ ಸುಮಲತಾಳದು. ಮಾಮ ಎರಡೂ ಕೈ ಎತ್ತಿ ನಿಲ್ಲುತ್ತಿದ್ದ. “ಆತೇನು?” ಅನ್ನುತ್ತಿದ್ದ. “ಆತು ಮಾಮ” ಅಂದರೆ ಮುಗಿಯಿತು, ನೀರಿಗಿಳಿಯುತ್ತಿದ್ದ.

ಇವತ್ತೂ “ಆತು ಮಾಮ” ಅಂದಿದ್ದಳು. ಕೊಂಡಿ ಮಾತ್ರ ಮನೆಯಲ್ಲಿ ಆಡಿನ ಮರಿಯ ಕೊರಳಲ್ಲಿತ್ತು.

ನಿನ್ನೆ ಸಂಜೆ ಮರಿ ಹಗ್ಗ ಬಿಡಿಸಿಕೊಂಡು ಪಕ್ಕದವರ ಬಾಳೆಗೆ ನುಗ್ಗಿತ್ತು. ಗಟ್ಟಿ ಇರಲಿ ಅಂತ ಇವಳು ಮಾಮನ ಕೊಂಡಿ ಬಿಚ್ಚಿ ಅದಕ್ಕೆ ಹಾಕಿದಳು. ಬೆಳಗ್ಗೆ ತೆಗೆಯಬೇಕೆಂದುಕೊಂಡಿದ್ದಳು. ಆದರೆ ದೊಡ್ಡಬಸಪ್ಪ ಬಾಗಿಲಿಗೇ ಬಂದು “ಜಲ್ದಿ, ಜಲ್ದಿ!” ಎಂದು ಬೈಕಿನ ಹಾರ್ನ್ ಒತ್ತುತ್ತಿದ್ದ. ಹರಿಗೋಲು ಹತ್ತಿದ ಮೇಲೆ ಅವಳಿಗೆ ನೆನಪಾಯಿತು. ಹೇಳಿದರೆ ಬೈತಾರೆ, ಮತ್ತೆ ಹರಿಗೋಲು ಹತ್ತಿಸೋದಿಲ್ಲ. ಸುಮ್ಮನೆ ಒಂದು ದಾರ ತೆಗೆದುಕೊಂಡು ಮೀಟರನ್ನು ರಿಂಗಿಗೆ ಕಟ್ಟಿದಳು. ತಾತ ಕಲಿಸಿದ ಗಂಟು, ಹರಿಗೋಲನ್ನು ದಂಡೆಗೆ ಕಟ್ಟುವ ಗಂಟು.

ಚಂದದ ಗಂಟು ಅದು. ಹೊಳೆ ಏರಿ ಬಂದಾಗ ತುದಿ ಹಿಡಿದು ಎಳೆದರೆ ಸಾಕು, ಸರ್ರನೆ ಬಿಚ್ಚಿಕೊಳ್ಳುತ್ತದೆ.

ಎಳೆದರೆ ಸಾಕು. ಬಲೆ ಎಳೆದರೂ ಸಾಕು.

“ಎಳಿಯೋ ಅಂದ್ರ!”

ತಾತ ಮೊಣಕಾಲೂರಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ.

“ತಾತ, ಎಳಿಬ್ಯಾಡ!”

“ಯಾಕವ್ವ?”

“ಮೀಟರ್ ಪೈಪು ಬಲ್ಯಾಗ ಸಿಕ್ಕಿರತೈತಿ. ಎಳದ್ರ ಕಿತ್ತು ಬರತೈತಿ. ಮಾಮನ ಗಾಳಿ ಎಲ್ಲ ಹೋಗತೈತಿ!”

“ಕೊಂಡಿ ಸಿಗಿಸಿಲ್ಲೇನು?”

“ಇಲ್ಲ ತಾತ. ದಾರ ಕಟ್ಟೀನಿ... ಹರಗೋಲಿನ ಗಂಟು.”

ತಾತ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂಗೈಯಿಂದ ಹಗ್ಗ ಬಿಚ್ಚಿ ನಿಧಾನವಾಗಿ ಸಡಿಲ ಬಿಟ್ಟ.

“ಹಗ್ಗ ಬಿಡ್ತೀಯಲ್ಲೋ ಮುದುಕಾ! ತಲಿ ಕೆಟ್ಟೈತೇನು?”

“ಬಾಯಿ ಮುಚ್ಚು ಸಾವ್ಕಾರ. ಒಳಗಿರೋನು ನನ್ನ ಮಗ.”

ತಾತ ಅವನೊಂದಿಗೆ ಹೀಗೆ ಮಾತಾಡಿದ್ದನ್ನು ಸುಮಲತಾ ಯಾವತ್ತೂ ಕೇಳಿರಲಿಲ್ಲ. ದೊಡ್ಡಬಸಪ್ಪನೂ ಕೇಳಿರಲಿಲ್ಲವೇನೋ, ಒಂದು ಹೆಜ್ಜೆ ಹಿಂದೆ ಸರಿದ.

ಗುಳ್ಳೆಗಳು ಒಂದೇ ಜಾಗದಲ್ಲಿ ಏಳುತ್ತಿದ್ದವು. ಒಂದಿಷ್ಟು ಬಂದು ಒಡೆದವು. ಆಮೇಲೆ ನೀರು ನಿಶ್ಚಲವಾಯಿತು. ಸುಮಲತಾ ಉಸಿರು ಬಿಗಿಹಿಡಿದಳು. ಮತ್ತೆ ಗುಳ್ಳೆ ಬಂದಾಗಲೇ ಬಿಟ್ಟಳು. ಮತ್ತೆ ಹಿಡಿದಳು.

ಕೊನೆಗೆ ಮಾಮನ ತಲೆ ಕಾಣಿಸಿತು.

ಅವನ ಕೈಯಲ್ಲಿ ಚಾಕು ಇತ್ತು. ಕರಿ ಪೈಪಿಗೆ ಬಲೆಯ ಚೂರುಗಳು ಸುತ್ತಿಕೊಂಡಿದ್ದವು. ಹರಿಗೋಲಿನ ಅಂಚಿಗೆ ಒರಗಿ ಬಹಳ ಹೊತ್ತು ಕೆಮ್ಮಿದ.

“ಹಗ್ಗ ಸಡಿಲ ಬಿಟ್ಟಿದ್ದು ಚಲೋ ಆತಪ್ಪ,” ಅಂದ. “ಬಿಗಿ ಇದ್ದಾಗ ತಿರುಗಾಕನ ಬರಲಿಲ್ಲ.”

ಆಮೇಲೆ ಅವನ ಬೆರಳು ರಿಂಗನ್ನು ಹುಡುಕಿತು. ಅಲ್ಲಿ ಒದ್ದೆ ದಾರ ನೇತಾಡುತ್ತಿತ್ತು.

“ನಾನ ಮಾಮ,” ಅಂದಳು ಸುಮಲತಾ. “ಕೊಂಡಿ ಆಡಿನ ಮರಿಗೆ ಹಾಕೀನಿ.”

ಮಾಮ ದಾರವನ್ನೇ ನೋಡಿದ. ಅವನ ತುಟಿ ಇನ್ನೂ ನೀಲಿಯಾಗಿತ್ತು.

“ಅರ್ಧ ಬಲಿ ಇನ್ನೂ ಅಲ್ಲೇ ಐತಿ,” ಅಂದ. “ಉಂಡ ಮ್ಯಾಲೆ ಮತ್ತ ಇಳೀಬೇಕು. ಓಡಿ ಹೋಗಿ ಕೊಂಡಿ ತಗೊಂಡ್ ಬಾ.”

ಹರಿಗೋಲು ದಂಡೆ ಮುಟ್ಟಿದ್ದೇ ಅವಳು ಮನೆಗೆ ಓಡಿದಳು. ಕೊರಳಿನಿಂದ ಕೊಂಡಿ ಬಿಚ್ಚುವಾಗ ಮರಿ ಅವಳ ಕೈ ನೆಕ್ಕಿತು. ಅವಳು ನಗಲಿಲ್ಲ.

ಮಧ್ಯಾಹ್ನ ಮಾಮ ಬೇರೆ ಸಿಲಿಂಡರ್ ಹೊತ್ತು, ಜಾಕೆಟ್ ಬಿಗಿದುಕೊಂಡ. ಇನ್ನು ಮೇಲೆ ತಾತನೇ ಸಿಗಿಸುತ್ತಾನೆ ಅಂತ ಸುಮಲತಾ ಹರಿಗೋಲಿನ ಆಚೆ ಅಂಚಿಗೆ ಸರಿದು ಕುಳಿತಿದ್ದಳು.

“ಬಾರವ್ವ,” ಅಂದ ಮಾಮ.

ಎಂದಿನಂತೆ ಎರಡೂ ಕೈ ಎತ್ತಿದ. ಎಂದಿನಂತೆ ಹೊಳೆಯ ಕಡೆ ಮುಖ ಮಾಡಿದ. ಅವಳೇನು ಮಾಡುತ್ತಿದ್ದಾಳೆ ಎಂದು ತಿರುಗಿಯೂ ನೋಡಲಿಲ್ಲ.

ಅವಳು ಕೊಂಡಿಯನ್ನು ರಿಂಗಿಗೆ ಸಿಗಿಸಿದಳು. ಟಕ್ ಎಂದಿತು. ಹಿಡಿದು ಎಳೆದಳು. ಮಾಮನ ಇಡೀ ಮೈ ಅಲುಗಿತು, ಕೊಂಡಿ ಬಿಡಲಿಲ್ಲ.

ದಂಡೆಯಿಂದ ಹಾರ್ನ್ ಕೇಳಿಸಿತು.

“ಆತೇನು ಸುಮಿ?”

ಮಾತು ತುಟಿಯವರೆಗೆ ಬಂದಿತ್ತು.

“ತಡಿ ಮಾಮ,” ಅಂದಳು. ಬಗ್ಗಿ, ಕೆಳಗಿನಿಂದ ಮತ್ತೆ ಎಳೆದು ನೋಡಿದಳು.