ಭಾಲ್ಕಿಯ ಮೆಟ್ಟಿಲು

ಬೀದರ ಕೋಟೆಯ ಕಂದಕದಲ್ಲಿ ಶವ ಬಿದ್ದಿತ್ತು. ತಪ್ಪಿಸಿಕೊಂಡ ಮೇಕೆ ಹುಡುಕುತ್ತ ಇಳಿದವನೊಬ್ಬ ಬೆಳಿಗ್ಗೆ ಕಂಡು ಚೀರಿದ.

ಪಿಎಸ್‌ಐ ಕುಮುದಿನಿ ಬಂದಾಗ ಕೆಂಪು ಕಲ್ಲಿಗೆ ಇನ್ನೂ ಬಿಸಿಲು ತಾಗಿರಲಿಲ್ಲ. ಸತ್ತವನ ಮುಖ ಆಕಾಶದ ಕಡೆಗಿತ್ತು. ಮುಖಕ್ಕೆ ತೆಳುವಾಗಿ ಪೌಡರು. ಹೊಸ ಅಂಗಿ. ಕಾಲರಿಗೆ ಸಿಕ್ಕಿಸಿದ, ವೈರಿಲ್ಲದ ಪುಟ್ಟ ಮೈಕು.

"ಔರಾದಿನ ಅತುಲ ಅಲ್ರಿ ಇಂವ?" ಹೆಡ್ ಕಾನ್‌ಸ್ಟೇಬಲ್ ವೈಜಿನಾಥ ಬಗ್ಗಿ ನೋಡಿದ. "ಸಿನಿಮಾ ತಗದ ಜಾಗಾ ಹುಡುಕಿ ಹೋಗಿ ವಿಡಿಯೋ ಬಿಡ್ತಾನ. ನಮ್ಮ ಮನ್ಯಾಗ ನನ್ನ ಮಾರಿಗಿಂತ ಇವನ ಮಾರಿನೇ ಹೆಚ್ಚು ನೋಡ್ತಾರ."

ಫೋನು ಕಿಸೆಯಲ್ಲೇ ಒಡೆದಿತ್ತು. ಮೇಲಿನ ಬುರುಜಿನ ಅಂಚಿಗೆ ಕಟ್ಟೆ ಇರಲಿಲ್ಲ. ಕುಮುದಿನಿ ಅಲ್ಲಿ ನಿಂತು ಕೆಳಗೆ ನೋಡಿದಳು. ಅಷ್ಟು ಎತ್ತರದಲ್ಲೂ ಗಾಳಿ ಸದ್ದು ಮಾಡುತ್ತಿರಲಿಲ್ಲ.

* * *

ಮಧ್ಯಾಹ್ನದ ಹೊತ್ತಿಗೆ ಬಿಲಾಲ ಲಾಕಪ್ಪಿನಲ್ಲಿದ್ದ. ಆಟೋದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸಿನಿಮಾ ಜಾಗಗಳನ್ನು ತೋರಿಸುವವನು. ಇವನು ಸುಳ್ಳು ಜಾಗ ತೋರಿಸುತ್ತಾನೆ ಎಂದು ಅತುಲ ವಿಡಿಯೋದಲ್ಲಿ ಹಂಗಿಸಿದ್ದ. ಹಿಂದಿನ ಸಂಜೆ ಕೋಟೆ ಬಾಗಿಲಲ್ಲಿ ಇಬ್ಬರೂ ಜಗಳವಾಡಿದ್ದನ್ನು ಚಹಾದವನು ಕಂಡಿದ್ದ.

"ಬೈದದ್ದು ಖರೇರಿ. ಊರಮಂದಿ ಮುಂದ ಇಜ್ಜತ್ ಕಳದಾನ, ಬೈಬಾರದೇನ್ರಿ?"

"ಆಮ್ಯಾಲ?"

"ಸವಾರಿ ಬಂತು, ಹೋದೆ."

"ಯಾರ ಸವಾರಿ?"

"ಹೆಸರು ಕೇಳಿ ಆಟೋದಾಗ ಕೂಡಸ್ತಾರೇನ್ರಿ ಮೇಡಂ?"

ಹೊರಗಿನ ಬೆಂಚಿನ ಮೇಲೆ ಅವನ ತಾಯಿ ಶಾಕಿರಾ ಬೇಗಂ ಕೂತಿದ್ದಳು. ಅಳಲಿಲ್ಲ. ಲಾಕಪ್ಪಿನ ಹೊರಗೆ ಬಿಟ್ಟಿದ್ದ ಮಗನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ನಾಳಿ ಕೋರ್ಟಿಗೆ ಹಾಜರು ಮಾಡಿದ್ರ ಮುಗೀತ್ರಿ," ಎಂದ ವೈಜಿನಾಥ. "ದೊಡ್ಡ ಸಾಹೇಬ್ರೂ ಅದೇ ಅಂದಾರ."

"ಹಂಗಾದ್ರ ನಾಳಿ ತನಕ ಟೈಮ್ ಅದ ಅನ್ರಿ," ಎಂದಳು ಕುಮುದಿನಿ.

* * *

ಶವ ಗುರುತಿಸಲು ಬಂದವನು ಅಮಿತಕುಮಾರ. ಅತುಲನ ಎಲ್ಲ ವಿಡಿಯೋ ತೆಗೆದವನು, ಕತ್ತರಿಸಿ ಜೋಡಿಸಿದವನು. ಈತನ ಮುಖವನ್ನು ಮಾತ್ರ ನೋಡುಗರು ಯಾರೂ ಕಂಡಿರಲಿಲ್ಲ.

"ನಿನ್ನೆ ಅವನ ಜೋಡಿ ಇರಲಿಲ್ಲೇನು?" ಕುಮುದಿನಿ ಕೇಳಿದಳು.

"ಇಲ್ರಿ. ಮುಂದಿನ ವಿಡಿಯೋ ಭಾಲ್ಕಿದು. ಜಾಗಾ ನೋಡಿ ಬರ್ಲಾಕ ನಾ ಒಬ್ಬನೇ ಹೋಗಿದ್ದೆ. ಅಲ್ಲಿ ಕೋಟಿ ಮೂಲಿ ಬುರುಜಿನ್ಯಾಗ ಕತ್ತಲ ಮೆಟ್ಟಲ ಅದಾವ. ಸಿನಿಮಾದಾಗ ಹೀರೋ ಓಡ್ಕೋತ ಏರಿ ಮಾಳಿಗಿಗಿ ಬರ್ತಾನ ನೋಡ್ರಿ, ಅವೇ."

"ನೀನೂ ಏರಿದಿ?"

"ಏರಿದೆರಿ. ಹೊತ್ತು ಮುಳುಗೂ ತನಕ ಮಾಳಿಗಿ ಮ್ಯಾಲೇ ಕುಂತಿದ್ದೆ. ಬೆಳಕು ಹ್ಯಾಂಗ ಬರ್ತದ ನೋಡ್ಬೇಕಲ್ರಿ."

"ನಿನ್ನ ಫೋನು ಬಂದ್ ಇತ್ತಲ್ಲ, ಯಾಕ?"

"ಚಾರ್ಜ್ ಮುಗದಿತ್ರಿ." ಅವನು ಸತ್ತವನ ಮುಖದ ಕಡೆ ನೋಡಿದ. "ಅತುಲಗ ಸಿನಿಮಾದಾಗ ಪಾತ್ರ ಸಿಕ್ಕಿತ್ತು. ಅವನೊಬ್ಬನಿಗೇ ಕರದಿದ್ರು."

ಅದನ್ನು ಯಾರೂ ಕೇಳಿರಲಿಲ್ಲ.

* * *

ಭಾಲ್ಕಿಯಲ್ಲಿ ಅಮಿತಕುಮಾರನನ್ನು ಕಂಡವರು ಸಿಗಲಿಲ್ಲ. ಕಾಣದವರ ಮಾತು ಸಾಕ್ಷಿಯಾಗುವುದಿಲ್ಲ. ಕುಮುದಿನಿ ಟಾರ್ಚ್ ಹಿಡಿದು ಬುರುಜಿನೊಳಗೆ ಹೊಕ್ಕಳು.

ಬಾವಲಿಗಳ ವಾಸನೆ. ಸವೆದ ಮೆಟ್ಟಿಲು. ಏರಿದಂತೆ ಹೊರಗಿನ ಸಂತೆಯ ಸದ್ದು ಸತ್ತಿತು. ತನ್ನ ಉಸಿರು ಮಾತ್ರ, ಅದೂ ಬೇರೆ ಯಾರದೋ ಉಸಿರಿನಂತೆ. ಒಂದು ತಿರುವು. ಮೆಟ್ಟಿಲು ಅಲ್ಲಿಗೇ ನಿಂತಿತು.

ಎದುರಿಗೆ ಗೋಡೆ.

ಅಂಗೈ ಇಟ್ಟಳು. ತಣ್ಣಗಿತ್ತು. ತಲೆಮಾರುಗಳ ಹಿಂದೆ ಮುಚ್ಚಿದ ಕಲ್ಲು. ಸಂದಿನಲ್ಲಿ ಬೇರು ಇಳಿದಿತ್ತು. ಟಾರ್ಚ್ ಆರಿಸಿ ಅವಳು ಕತ್ತಲಲ್ಲಿ ನಿಂತಳು. ಒಬ್ಬನು ಇಲ್ಲಿ ಕೂತು ಸೂರ್ಯಾಸ್ತ ನೋಡಿದ್ದನಂತೆ.

ಕೆಳಗಿಳಿದಾಗ ವೈಜಿನಾಥ ಕೇಳಿದ, "ಮಾಳಿಗಿ ಹ್ಯಾಂಗ ಅದರಿ?"

"ಮಾಳಿಗಿನೇ ಇಲ್ಲ. ಸಿನಿಮಾದವರು ಮೆಟ್ಟಲ ಇಲ್ಲಿ ತಗದಾರ, ಮಾಳಿಗಿ ಇನ್ನೆಲ್ಲೋ ತಗದು ಜೋಡ್ಸ್ಯಾರ."

* * *

ಔರಾದಿನಲ್ಲಿ ಅಮಿತಕುಮಾರನ ಕೋಣೆ ಸಣ್ಣದು. ಗೋಡೆ ತುಂಬ ಅತುಲನ ಚಿತ್ರಗಳು. ಕುಮುದಿನಿ ಕೂರಲಿಲ್ಲ.

"ನೀ ಭಾಲ್ಕಿಗಿ ಹೋಗೇ ಇಲ್ಲ. ಸಿನಿಮಾ ನೋಡಿ ಹೇಳಿದಿ. ತುಂಡು ತುಂಡು ಜೋಡ್ಸೋದು ನಿಂದೇ ಕೆಲಸ, ನಿನಗೇ ಹೊಳೀಲಿಲ್ಲ."

ಅವನ ಕಣ್ಣು ಹಾಸಿಗೆಯ ಕಡೆ ಹೋಯಿತು.

"ಅತುಲನ ಕಾಲರಿಗಿ ಮೈಕ್ ಇತ್ತು. ಅದರ ಧ್ವನಿ ಹಿಡಿಯೋ ಇನ್ನೊಂದು ತುಂಡು ಅವನ ಹತ್ರ ಇರಲಿಲ್ಲ. ಫೋನು ಕಿಸೆದಾಗ. ಅಂದ್ರ ಎದುರಿಗಿ ಇನ್ನೊಬ್ಬ ಕ್ಯಾಮೆರಾ ಹಿಡದಿದ್ದ. ಜಗಳಾಡಿದ ಬಿಲಾಲನ ಮುಂದ ಪೌಡರ್ ಹಚ್ಕೊಂಡು ನಿಂದ್ರತಾನೇನು? ಮಲಕೊಂಡಂಗ ಬೆನ್ನ ಮ್ಯಾಲ ಬಿದ್ದಾನ. ಹಿಂದ ನೋಡ್ದೇ ಹಿಂದಕ್ಕ ನಡದಾನ."

ವೈಜಿನಾಥ ಹಾಸಿಗೆಯ ಕೆಳಗಿನಿಂದ ಕ್ಯಾಮೆರಾ ಎಳೆದ. ಕೊನೆಯ ತುಣುಕು ಅದರಲ್ಲೇ ಇತ್ತು.

ಬುರುಜು. ಸಂಜೆಗೆಂಪು. ಅತುಲ ನಗುತ್ತಿದ್ದ.

"ಸಾಕೇನೋ ಅಮಿತ?"

"ಇನ್ನೊಂದು ಹೆಜ್ಜಿ ಹಿಂದ." ಮೆಲ್ಲನೆಯ ಧ್ವನಿ.

ಅತುಲ ತಿರುಗಿ ನೋಡಲಿಲ್ಲ. ಎಂದೂ ನೋಡುತ್ತಿರಲಿಲ್ಲ. ಹಿಂದಕ್ಕೆ ಸರಿದ.

"ಇನ್ನೊಂದು."

ಆಮೇಲೆ ತೆರೆಯ ಮೇಲೆ ಆಕಾಶವಷ್ಟೇ ಉಳಿಯಿತು.

"ವೈಜಿನಾಥ, ಸ್ಟೇಷನ್ನಿಗಿ ಫೋನ್ ಮಾಡ್ರಿ," ಎಂದಳು ಕುಮುದಿನಿ. "ಬಿಲಾಲನ ಬಿಡ್ಲಾಕ ಹೇಳ್ರಿ. ಅವರ ಅಮ್ಮ ಚಪ್ಪಲ ಹಿಡ್ಕೊಂಡು ಕುಂತಾಳ."

ಮತ್ತೆ ಅಮಿತಕುಮಾರನ ಕಡೆ ತಿರುಗಿದಳು. "ಇದನ್ನ ಯಾಕ ಅಳಸ್ಲಿಲ್ಲ?"

ಅವನು ಇನ್ನೂ ಆ ಖಾಲಿ ಆಕಾಶವನ್ನೇ ನೋಡುತ್ತಿದ್ದ.

"ಎಲ್ಲಾ ವಿಡಿಯೋದಾಗ ನನ್ನ ಧ್ವನಿ ನಾನೇ ಕತ್ತರಸ್ತಿದ್ದೆರಿ," ಎಂದ. "ಇದೊಂದರಾಗ ಉಳದದ."